ಸ್ಕಿಲ್ ಟೆಸ್ಟ್‌ಗೆ ಮೊದಲು ರೇಡಿಯೊ ಲೈಸೆನ್ಸ್ ಬೇಕೇ?

ಖಾಸಗಿ ಪೈಲಟ್ ತರಬೇತಿಯ ಕೊನೆಯ ಹಂತಕ್ಕೆ ಬಂದವರಿಗೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ. ಹಾರಾಟದ ಗಂಟೆಗಳು ತುಂಬಿವೆ, ಒಂಟಿಯಾಗಿ ದೂರ ಹೋಗಿ ಬಂದಾಗಿದೆ, ಲಿಖಿತ ಪರೀಕ್ಷೆಗಳು ಪಾಸಾಗಿವೆ. ಇನ್ನೇನು ಪರೀಕ್ಷಕರ ಮುಂದೆ ವಿಮಾನ ಹಾರಿಸಿ ತೋರಿಸುವ ಕೊನೆಯ ಪರೀಕ್ಷೆಗೆ, ಅಂದರೆ ಸ್ಕಿಲ್ ಟೆಸ್ಟ್‌ಗೆ ದಿನ ಗೊತ್ತು ಮಾಡೋಣ ಅನ್ನುವಷ್ಟರಲ್ಲಿ ಯಾರೋ ಕೇಳುತ್ತಾರೆ: "ರೇಡಿಯೊ ಲೈಸೆನ್ಸ್ ಆಯ್ತಾ?" ಅದಿಲ್ಲದೆ ಟೆಸ್ಟ್‌ಗೆ ಕೂರುವ ಹಾಗೇ ಇಲ್ಲ ಅನ್ನುತ್ತಾರೆ ಒಬ್ಬ ಬೋಧಕರು. ಮೊದಲು ಟೆಸ್ಟ್ ಮುಗಿಸಿ, ಅದನ್ನು ಆಮೇಲೆ ಮಾಡಿಕೊಂಡರಾಯಿತು ಅನ್ನುತ್ತಾರೆ ಇನ್ನೊಬ್ಬರು. ಮೂರನೆಯವರದು ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಉತ್ತರ.

ಮೂವರಲ್ಲಿ ಯಾರ ಮಾತೂ ಸುಳ್ಳಲ್ಲ ಎಂಬುದೇ ತೊಡಕು. ರೇಡಿಯೊ ಎಂಬ ಒಂದೇ ಪದದ ಕೆಳಗೆ ನಾಲ್ಕು ಬೇರೆ ಬೇರೆ ಕಾಗದಗಳು ಸೇರಿಕೊಂಡಿವೆ. ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ಇರುತ್ತದೆ. ಆ ನಾಲ್ಕನ್ನು ಬಿಡಿಸಿಟ್ಟುಕೊಂಡರೆ ಮುಕ್ಕಾಲು ಗೊಂದಲ ಅಲ್ಲೇ ಕರಗುತ್ತದೆ.

ನಾಲ್ಕು ಕಾಗದಗಳು

ಮೊದಲನೆಯದು ಲಿಖಿತ ಪರೀಕ್ಷೆ. ಯುರೋಪಿನ ವಿಮಾನಯಾನ ಸುರಕ್ಷತಾ ಸಂಸ್ಥೆ ಇಎಎಸ್‌ಎಯ ನಿಯಮಗಳಲ್ಲೂ ಬ್ರಿಟನ್ನಿನಲ್ಲೂ ಖಾಸಗಿ ಪೈಲಟ್ ಆಗುವವರು ಒಂಬತ್ತು ವಿಷಯಗಳಲ್ಲಿ ಪರೀಕ್ಷೆ ಬರೆಯಬೇಕು. ಅವುಗಳಲ್ಲಿ 'ಕಮ್ಯುನಿಕೇಷನ್ಸ್' ಒಂದು. ಪಾಸಾಗಲು 75 ಪ್ರತಿಶತ ಅಂಕ ಬೇಕು.

ಎರಡನೆಯದು ನಿಜವಾದ ರೇಡಿಯೊ ಲೈಸೆನ್ಸ್, ಅಂದರೆ ವಿಮಾನದಲ್ಲಿ ಕೂತು ಟ್ರಾನ್ಸ್‌ಮಿಟರ್ ಬಳಸಿ ಮಾತಾಡಲು ವ್ಯಕ್ತಿಗೆ ಸಿಗುವ ಅನುಮತಿ. ಬ್ರಿಟನ್ನಿನಲ್ಲಿ ಇದರ ಹೆಸರು ಎಫ್‌ಆರ್‌ಟಿಒಎಲ್. ಲಿಖಿತ ಪರೀಕ್ಷೆಯ ಜೊತೆಗೆ ಬಾಯಿಬಿಟ್ಟು ಮಾತಾಡಿ ತೋರಿಸುವ ಪ್ರಾಯೋಗಿಕ ಪರೀಕ್ಷೆಯೂ ಇದಕ್ಕೆ ಬೇಕು. ಕೆನಡಾದಲ್ಲಿ ಆರ್‌ಒಸಿ-ಎ. ಜರ್ಮನಿಯಲ್ಲಿ ಬಿಝಡ್ಎಫ್ ಎಂಬ ಪ್ರಮಾಣಪತ್ರ. ಅದರಲ್ಲೂ ಬಗೆಗಳಿವೆ: ಬಿಝಡ್ಎಫ್ 2 ಇದ್ದವರು ಜರ್ಮನ್ ಭಾಷೆಯಲ್ಲಷ್ಟೇ ಮಾತಾಡಬಹುದು, ಬಿಝಡ್ಎಫ್ 1 ಇದ್ದವರು ಇಂಗ್ಲಿಷಿನಲ್ಲೂ. ಭಾರತದಲ್ಲಿ ಆರ್‌ಟಿಆರ್-ಎ.

ಮೂರನೆಯದು ಭಾಷಾ ಪ್ರಾವೀಣ್ಯ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಐಸಿಎಒ ಇದಕ್ಕೆ ಒಂದರಿಂದ ಆರರವರೆಗೆ ಮಟ್ಟಗಳನ್ನು ಗೊತ್ತುಮಾಡಿದೆ. ಕನಿಷ್ಠ ನಾಲ್ಕನೆಯ ಮಟ್ಟ ಬೇಕು. ಉಚ್ಚಾರಣೆ, ವಾಕ್ಯರಚನೆ, ಪದಸಂಪತ್ತು, ನಿರರ್ಗಳತೆ, ಗ್ರಹಿಕೆ, ಸಂವಾದ ಎಂಬ ಆರು ಅಂಶಗಳಲ್ಲಿ ಅಳೆಯುತ್ತಾರೆ. ನಾಲ್ಕನೆಯ ಮಟ್ಟದವರನ್ನು ಮೂರು ವರ್ಷಕ್ಕೊಮ್ಮೆ, ಐದನೆಯ ಮಟ್ಟದವರನ್ನು ಆರು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷಿಸಬೇಕೆಂಬುದು ಐಸಿಎಒ ಶಿಫಾರಸು. ಆರನೆಯ ಮಟ್ಟ ಸಿಕ್ಕವರಿಗೆ ಮರುಪರೀಕ್ಷೆ ಇಲ್ಲ.

ನಾಲ್ಕನೆಯದು ನಿಮ್ಮ ಹೆಸರಿನಲ್ಲಿ ಇರುವುದೇ ಇಲ್ಲ; ಅದು ವಿಮಾನದ್ದು. ರೇಡಿಯೊ ಅಳವಡಿಸಿದ ವಿಮಾನ ಕಾನೂನಿನ ಕಣ್ಣಿಗೆ ಹಾರಾಡುವ ಒಂದು ರೇಡಿಯೊ ಕೇಂದ್ರ. ಆ ಕೇಂದ್ರಕ್ಕೆ ತನ್ನದೇ ಲೈಸೆನ್ಸ್ ಇರುತ್ತದೆ. ಅದನ್ನು ನೋಡಿಕೊಳ್ಳುವುದು ವಿಮಾನದ ಮಾಲೀಕರ ಅಥವಾ ತರಬೇತಿ ಸಂಸ್ಥೆಯ ಜವಾಬ್ದಾರಿ. ಆದರೆ ಟೆಸ್ಟ್ ದಿನ ಪರೀಕ್ಷಕರು "ವಿಮಾನದ ಕಾಗದಪತ್ರ ತೋರಿಸಿ" ಅಂದಾಗ ಯಾವುದು ಎಲ್ಲಿದೆ ಎಂದು ಗೊತ್ತಿರಬೇಕಾದವರು ನೀವೇ.

ಪೈಲಟ್ ಲೈಸೆನ್ಸ್ ಒಂದೇ ಸಾಲದೇಕೆ?

ಕಾರು ಓಡಿಸಲು ಒಂದು ಲೈಸೆನ್ಸ್, ಅದರ ಹಾರ್ನ್ ಒತ್ತಲು ಇನ್ನೊಂದು ಎಂದರೆ ವಿಚಿತ್ರ ಅನಿಸುತ್ತದೆ. ಪೈಲಟ್ ಲೈಸೆನ್ಸ್‌ನಿಂದ ರೇಡಿಯೊ ಲೈಸೆನ್ಸ್ ಬೇರೆಯಾಗಿರುವುದೂ ಮೊದಲ ನೋಟಕ್ಕೆ ಹಾಗೇ ಕಾಣುತ್ತದೆ. ಕಾರಣ ಇತಿಹಾಸದಲ್ಲಿದೆ, ಮತ್ತು ಅದನ್ನು ತಿಳಿದುಕೊಂಡರೆ ದೇಶದಿಂದ ದೇಶಕ್ಕೆ ನಿಯಮ ಏಕೆ ಬದಲಾಗುತ್ತದೆ ಎಂಬುದು ತಾನಾಗಿ ಅರ್ಥವಾಗುತ್ತದೆ.

ಆಕಾಶದಲ್ಲಿ ಹಾರುವುದಕ್ಕೆ ಒಂದು ಕಾನೂನು, ಆಕಾಶದ ತರಂಗಗಳನ್ನು ಬಳಸುವುದಕ್ಕೆ ಇನ್ನೊಂದು. ವಿಮಾನಯಾನದ ಮೂಲ ಒಪ್ಪಂದ 1944ರ ಷಿಕಾಗೊ ಕನ್ವೆನ್ಷನ್. ಅದರ 30ನೇ ವಿಧಿಯ ಪ್ರಕಾರ ವಿಮಾನದ ಟ್ರಾನ್ಸ್‌ಮಿಟರನ್ನು ಬಳಸಬಹುದಾದವರು, ವಿಮಾನ ನೋಂದಣಿಯಾದ ದೇಶದಿಂದ ಅದಕ್ಕೆಂದೇ ವಿಶೇಷ ಲೈಸೆನ್ಸ್ ಪಡೆದ ಸಿಬ್ಬಂದಿ ಮಾತ್ರ. ತರಂಗಗಳ ಕಡೆ ಇರುವುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಐಟಿಯು. ಅದರ ರೇಡಿಯೊ ನಿಯಮಗಳ 37ನೇ ವಿಧಿಯೂ ಇದನ್ನೇ ಹೇಳುತ್ತದೆ: ವಿಮಾನದ ರೇಡಿಯೊ ಕೇಂದ್ರವನ್ನು ನಿರ್ವಹಿಸುವವರ ಬಳಿ ಸರ್ಕಾರದ ಪ್ರಮಾಣಪತ್ರ ಇರಬೇಕು.

ಆದರೆ ಅದೇ 37ನೇ ವಿಧಿಯಲ್ಲಿ ಒಂದು ಸಣ್ಣ ಬಾಗಿಲು ತೆರೆದಿದೆ. 30 ಮೆಗಾಹರ್ಟ್ಸ್‌ಗಿಂತ ಮೇಲಿನ ಆವರ್ತನದಲ್ಲಿ ಬರೀ ಮಾತಿನ ಸಂಪರ್ಕವಾದರೆ ಪ್ರಮಾಣಪತ್ರ ಬೇಕೋ ಬೇಡವೋ ಎಂಬುದನ್ನು ಆಯಾ ಸರ್ಕಾರವೇ ತೀರ್ಮಾನಿಸಬಹುದು. ಅಂತರರಾಷ್ಟ್ರೀಯ ಬಳಕೆಗೆ ನಿಗದಿಯಾದ ಆವರ್ತನಗಳಿಗೆ ಈ ವಿನಾಯಿತಿ ಇಲ್ಲ. ಸಣ್ಣ ವಿಮಾನಗಳು ಮಾತಾಡುವ ವಿಎಚ್‌ಎಫ್ ಪಟ್ಟಿ ಸುಮಾರು 118ರಿಂದ 137 ಮೆಗಾಹರ್ಟ್ಸ್, ಅಂದರೆ 30ಕ್ಕಿಂತ ಬಹಳ ಮೇಲೆ. ದೇಶಗಳ ನಿಯಮ ಬೇರೆಯಾಗುವುದು ಈ ಬಾಗಿಲಿನಿಂದಲೇ.

ಅಮೆರಿಕ ಆ ಬಾಗಿಲಿನಿಂದ ಹೊರಬಂದಿದೆ. 1996ರ ನಂತರ ಅಲ್ಲಿ ದೇಶದೊಳಗಿನ ಹಾರಾಟಕ್ಕೆ ಪೈಲಟ್‌ಗೆ ಪ್ರತ್ಯೇಕ ರೇಡಿಯೊ ಅನುಮತಿ ಬೇಕಿಲ್ಲ. ಗಡಿ ದಾಟಿ ಬೇರೆ ದೇಶಕ್ಕೆ ಹೋಗುವುದಾದರೆ ಮಾತ್ರ ಅಲ್ಲಿನ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯಿಂದ ಒಂದು ಪರ್ಮಿಟ್ ಪಡೆಯಬೇಕು. ಅದಕ್ಕೆ ಪರೀಕ್ಷೆ ಇಲ್ಲ, ಅರ್ಜಿ ಮತ್ತು ಶುಲ್ಕ ಸಾಕು, ಜೀವಮಾನವಿಡೀ ನಡೆಯುತ್ತದೆ. ಹಾಗಂತ ಅಮೆರಿಕದಲ್ಲಿ ರೇಡಿಯೊ ಕೌಶಲವನ್ನು ಯಾರೂ ನೋಡುವುದಿಲ್ಲ ಎಂದಲ್ಲ. ಅದನ್ನು ಹಾರಾಟದ ಪರೀಕ್ಷೆಯೊಳಗೇ ಪರೀಕ್ಷಕರು ಅಳೆಯುತ್ತಾರೆ.

ಬ್ರಿಟನ್, ಜರ್ಮನಿ, ಕೆನಡಾ, ಭಾರತ ಮುಂತಾದ ದೇಶಗಳು ಪ್ರತ್ಯೇಕ ಪ್ರಮಾಣಪತ್ರವನ್ನು ಉಳಿಸಿಕೊಂಡಿವೆ. ಕೆಲವು ಕಡೆ ಅದನ್ನು ಕೊಡುವ ಇಲಾಖೆಯೇ ಬೇರೆ. ಭಾರತದಲ್ಲಿ ಪೈಲಟ್ ಲೈಸೆನ್ಸ್ ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ ಆದರೂ ಆರ್‌ಟಿಆರ್-ಎ ದೂರಸಂಪರ್ಕ ಇಲಾಖೆಯ ಕೈಯಲ್ಲಿತ್ತು. 2025ರ ಜನವರಿ 1ರಂದು ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮ 2024 ಆ ಅಧಿಕಾರವನ್ನು ಡಿಜಿಸಿಎಗೆ ವಹಿಸಿತು. ತರಂಗದ ಕಾನೂನು ಮತ್ತು ಹಾರಾಟದ ಕಾನೂನು ಎರಡು ಬೇರೆ ಬೇರುಗಳಿಂದ ಬಂದವು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಹಾಗಾದರೆ ಟೆಸ್ಟ್‌ಗೆ ಮೊದಲು ಏನೇನು ಬೇಕು?

ಲಿಖಿತ ಪರೀಕ್ಷೆಯ ವಿಷಯದಲ್ಲಿ ಎರಡು ಮಾತಿಲ್ಲ. ಇಎಎಸ್‌ಎ ಪದ್ಧತಿಯಲ್ಲಿ ಖಾಸಗಿ ಪೈಲಟ್ ಅಭ್ಯರ್ಥಿ ಸ್ಕಿಲ್ ಟೆಸ್ಟ್‌ಗೆ ಕೂರುವ ಮೊದಲೇ ಎಲ್ಲ ಲಿಖಿತ ವಿಷಯಗಳನ್ನೂ ಪಾಸು ಮಾಡಿರಬೇಕು. ಕಮ್ಯುನಿಕೇಷನ್ಸ್ ಆ ಪಟ್ಟಿಯಲ್ಲಿ ಇರುವುದರಿಂದ ಅದಿಲ್ಲದೆ ಟೆಸ್ಟ್ ಇಲ್ಲ. "ರೇಡಿಯೊ ಮೊದಲು ಮುಗಿಸಲೇಬೇಕು" ಎನ್ನುವ ಬೋಧಕರ ಮನಸ್ಸಿನಲ್ಲಿ ಹೆಚ್ಚಿನ ಸಲ ಇರುವುದು ಇದು.

ನಿಜವಾದ ರೇಡಿಯೊ ಲೈಸೆನ್ಸಿನ ವಿಷಯ ಸೂಕ್ಷ್ಮವಾದದ್ದು, ಸ್ವಲ್ಪ ನಿಧಾನವಾಗಿ ನೋಡಬೇಕು.

ಯೋಚಿಸಿ: ತರಬೇತಿಯ ಮೊದಲ ವಾರದಿಂದಲೇ ವಿದ್ಯಾರ್ಥಿ ರೇಡಿಯೊದಲ್ಲಿ ಮಾತಾಡುತ್ತಿರುತ್ತಾನೆ. ಒಂಟಿ ಹಾರಾಟದ ದಿನ ಪಕ್ಕದಲ್ಲಿ ಬೋಧಕರೂ ಇರುವುದಿಲ್ಲ. ಲೈಸೆನ್ಸ್ ಇಲ್ಲದೆ ಇದೆಲ್ಲ ಹೇಗೆ ಸಾಧ್ಯ? ತರಬೇತಿಯಲ್ಲಿರುವವರಿಗೆಂದೇ ಕಾನೂನಿನಲ್ಲಿ ವಿನಾಯಿತಿ ಇರುವುದರಿಂದ. ಬ್ರಿಟನ್ನಿನ ಏರ್ ನ್ಯಾವಿಗೇಷನ್ ಆರ್ಡರ್ ಎಂಬ ವಿಮಾನಯಾನ ಕಾನೂನು ಇದಕ್ಕೆ ಒಳ್ಳೆಯ ಮಾದರಿ. ವಿಮಾನದ ರೇಡಿಯೊ ಕೇಂದ್ರದ ಲೈಸೆನ್ಸ್ ಹೊಂದಿದವರು ಒಪ್ಪಿಗೆ ಕೊಟ್ಟಿರಬೇಕು. ವಿದ್ಯಾರ್ಥಿ ಕಳಿಸುವ ಸಂದೇಶಗಳು ಕಲಿಕೆಗೆ ಅಥವಾ ವಿಮಾನದ ಸುರಕ್ಷತೆ ಮತ್ತು ದಾರಿ ನಿರ್ವಹಣೆಗೆ ಸಂಬಂಧಿಸಿದವು ಮಾತ್ರ ಆಗಿರಬೇಕು. ಈ ಷರತ್ತುಗಳೊಳಗೆ ವಿದ್ಯಾರ್ಥಿ ಲೈಸೆನ್ಸ್ ಇಲ್ಲದೆಯೂ ಮಾತಾಡಬಹುದು.

ಈ ವಿನಾಯಿತಿಯ ನೆರಳು ಟೆಸ್ಟ್ ದಿನದವರೆಗೆ ಚಾಚುತ್ತದೆಯೇ? ಇದಕ್ಕೆ ಉತ್ತರ ಹುಡುಕುವಾಗ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು: ಆ ಹಾರಾಟದಲ್ಲಿ ವಿಮಾನದ ಕಮಾಂಡರ್ ಯಾರು? ಯುರೋಪಿನ ಪದ್ಧತಿಯಲ್ಲಿ ಸಾಮಾನ್ಯವಾಗಿ ಪರೀಕ್ಷಕರೇ ಕಮಾಂಡರ್. ಅಂದರೆ ಎಲ್ಲ ಲೈಸೆನ್ಸ್‌ಗಳೂ ಇರುವ ವ್ಯಕ್ತಿಯೊಬ್ಬರು ಪಕ್ಕದಲ್ಲಿ ಕಾನೂನಿನ ಹೊಣೆ ಹೊತ್ತು ಕೂತಿರುತ್ತಾರೆ. "ಟೆಸ್ಟ್ ಆದಮೇಲೆ ಮಾಡಿಕೊಂಡರೂ ಆಗುತ್ತದೆ" ಎನ್ನುವವರ ವಾದ ನಿಂತಿರುವುದು ಇದರ ಮೇಲೆ. ಅಮೆರಿಕದಲ್ಲಿ ಇದು ತಿರುಗುಮುರುಗು: ಅಲ್ಲಿ ಪರೀಕ್ಷಕರು ಸಾಮಾನ್ಯವಾಗಿ ಕಮಾಂಡರ್ ಆಗಿರುವುದಿಲ್ಲ, ಆ ಹೊಣೆ ಅಭ್ಯರ್ಥಿಯದೇ. ಆದರೆ ಅಲ್ಲಿ ರೇಡಿಯೊ ಲೈಸೆನ್ಸೇ ಬೇಕಿಲ್ಲದ್ದರಿಂದ ಪ್ರಶ್ನೆ ಹುಟ್ಟುವುದೇ ಇಲ್ಲ.

ಆದ್ದರಿಂದ ನಿಮ್ಮ ದೇಶದ ಪ್ರಾಧಿಕಾರದ ನಿಯಮದಲ್ಲಿ ಎರಡು ಸಾಲು ಹುಡುಕಿ. ಸ್ಕಿಲ್ ಟೆಸ್ಟ್‌ಗೆ ಅರ್ಹತೆ ಎಂಬಲ್ಲಿ ರೇಡಿಯೊ ಲೈಸೆನ್ಸ್ ಅಥವಾ ಅದರ ಪ್ರಾಯೋಗಿಕ ಪರೀಕ್ಷೆಯ ಹೆಸರು ಇದೆಯೇ ಎಂಬುದು ಒಂದು. ತರಬೇತಿಯ ವಿನಾಯಿತಿ ಎಲ್ಲಿಗೆ ಮುಗಿಯುತ್ತದೆ ಎಂಬುದು ಇನ್ನೊಂದು. ಆಮೇಲೆ ಟೆಸ್ಟ್ ಮಾಡುವ ಪರೀಕ್ಷಕರನ್ನೇ ನೇರವಾಗಿ ಕೇಳಿ. ಕಾನೂನು ಕೇಳದಿದ್ದರೂ ಕೆಲವು ಪರೀಕ್ಷಕರು, ಕೆಲವು ತರಬೇತಿ ಸಂಸ್ಥೆಗಳು ರೇಡಿಯೊ ಮುಗಿಸಿಕೊಂಡೇ ಬರಲು ಹೇಳುತ್ತಾರೆ. ಅದು ಹಠವೆಂದು ನನಗೆ ಅನಿಸಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಭಾಷಾ ಪ್ರಾವೀಣ್ಯದ ಕಥೆ ಚಿಕ್ಕದು. ರೇಡಿಯೊ ಬಳಸಬೇಕಾದ ಪೈಲಟ್ ತನ್ನ ಲೈಸೆನ್ಸಿನ ಹಕ್ಕುಗಳನ್ನು ಚಲಾಯಿಸಲು ಆ ಭಾಷೆಯ ಪ್ರಾವೀಣ್ಯ ಲೈಸೆನ್ಸಿನಲ್ಲಿ ದಾಖಲಾಗಿರಬೇಕು. ಇಂಗ್ಲಿಷಿನಲ್ಲೇ ರೇಡಿಯೊ ಪ್ರಾಯೋಗಿಕ ಪರೀಕ್ಷೆ ಕೊಡುವವರಿಗೆ ಕೆಲವು ಕಡೆ ಅದೇ ಪರೀಕ್ಷೆಯಲ್ಲಿ ಭಾಷೆಯನ್ನೂ ಅಳೆದುಬಿಡುತ್ತಾರೆ. ಒಂದೇ ಕಲ್ಲಿಗೆ ಎರಡು ಹಕ್ಕಿ; ಹಾಗಿದ್ದರೆ ಮೊದಲೇ ಕೇಳಿಕೊಂಡು ಬೇಕಾದ ಫಾರಂ ಜೊತೆಗೆ ಒಯ್ಯಿರಿ.

ರೇಡಿಯೊ ಪರೀಕ್ಷೆಯ ಕೋಣೆಯಲ್ಲಿ

ಬ್ರಿಟನ್ ಮಾದರಿಯ ಪ್ರಾಯೋಗಿಕ ಪರೀಕ್ಷೆ ನೆಲದ ಮೇಲೇ ನಡೆಯುತ್ತದೆ. ಅಭ್ಯರ್ಥಿಗೆ ಒಂದು ನಕ್ಷೆ, ಒಂದು ದಾರಿ, ರೇಡಿಯೊದಲ್ಲಿ ವಿಮಾನವನ್ನು ಗುರುತಿಸುವ ಕರೆ ಹೆಸರು, ಆವರ್ತನಗಳ ಪಟ್ಟಿ ಕೊಡುತ್ತಾರೆ. ಕಿವಿಗೆ ಹೆಡ್‌ಸೆಟ್, ಕೈಯಲ್ಲಿ ಒತ್ತಿ ಮಾತಾಡುವ ಗುಂಡಿ. ಪರೀಕ್ಷಕರು ಮರೆಯಲ್ಲಿ ಕೂತು ಟವರ್, ಅಪ್ರೋಚ್, ಮಾಹಿತಿ ಸೇವೆ ಎಲ್ಲದರ ದನಿಯೂ ತಾವೇ ಆಗುತ್ತಾರೆ. ವಿಮಾನ ಹಾರಿಸುವ ಕೆಲಸ ಇಲ್ಲ. ಕಿಟಕಿಯಾಚೆ ನೋಡುವುದಿಲ್ಲ, ಎತ್ತರ ಹಿಡಿಯುವುದಿಲ್ಲ. ಆದರೂ ಬೆವರು ಬರುತ್ತದೆ, ಯಾಕೆಂದರೆ ಇಲ್ಲಿ ಮಾತಿನ ಬೆನ್ನಿಗೆ ಅಡಗಿಕೊಳ್ಳಲು ಬೇರೇನೂ ಇಲ್ಲ.

ಒಂದು ಘಳಿಗೆಯನ್ನು ಹತ್ತಿರದಿಂದ ನೋಡೋಣ. ನಿಯಂತ್ರಕರು ಹೇಳುತ್ತಾರೆ: "ಗಾಲ್ಫ್ ಚಾರ್ಲಿ ಡೆಲ್ಟಾ, ಹೋಲ್ಡ್ ಶಾರ್ಟ್ ರನ್‌ವೇ ಟೂ ಸೆವೆನ್." ಅಂದರೆ, ಗಾಲ್ಫ್ ಚಾರ್ಲಿ ಡೆಲ್ಟಾ ಎಂಬ ಕರೆ ಹೆಸರಿನ ವಿಮಾನ 27ನೇ ರನ್‌ವೇಗೆ ಮೊದಲೇ ನಿಲ್ಲಲಿ. ವಿದ್ಯಾರ್ಥಿ ಉತ್ತರಿಸುತ್ತಾನೆ: "ರೋಜರ್." ಸಿನಿಮಾ ನೋಡಿ ಬೆಳೆದವರಿಗೆ ಇದು ಸರಿಯಾಗಿಯೇ ಕೇಳುತ್ತದೆ. ರೋಜರ್ ಅಂದರೆ "ನೀವು ಹೇಳಿದ್ದೆಲ್ಲ ಕೇಳಿಸಿತು" ಎಂದಷ್ಟೇ ಅರ್ಥ. ಏನು ಕೇಳಿಸಿತು ಎಂಬುದು ನಿಯಂತ್ರಕರಿಗೆ ಗೊತ್ತಾಗಲಿಲ್ಲ. ನಿಲ್ಲು ಅಂದದ್ದು ದಾಟು ಎಂದು ಕೇಳಿಸಿದ್ದರೂ ಉತ್ತರ ರೋಜರ್ರೇ ಆಗಿರುತ್ತಿತ್ತು. ಅದಕ್ಕೇ ರನ್‌ವೇಗೆ ಪ್ರವೇಶ, ಇಳಿಯುವುದು, ಏರುವುದು, ದಾಟುವುದು, ಅದರ ಮುಂದೆ ನಿಲ್ಲುವುದು, ಇವಕ್ಕೆ ಸಂಬಂಧಿಸಿದ ಪ್ರತಿಯೊಂದು ಸೂಚನೆಯನ್ನೂ ಮರಳಿ ಹೇಳಬೇಕೆಂಬ ನಿಯಮ. ಬಳಕೆಯಲ್ಲಿರುವ ರನ್‌ವೇ, ಒತ್ತಡಮಾಪಕದ ಸೆಟ್ಟಿಂಗ್, ರೇಡಾರಿಗೆ ವಿಮಾನದ ಗುರುತು ಹೇಳುವ ಟ್ರಾನ್ಸ್‌ಪಾಂಡರ್ ಕೋಡ್, ಎತ್ತರ, ದಿಕ್ಕು, ವೇಗ, ಇವೂ ಅದೇ ಸಾಲಿಗೆ ಸೇರುತ್ತವೆ. ಸರಿಯಾದ ಉತ್ತರ: "ಹೋಲ್ಡ್ ಶಾರ್ಟ್ ರನ್‌ವೇ ಟೂ ಸೆವೆನ್, ಗಾಲ್ಫ್ ಚಾರ್ಲಿ ಡೆಲ್ಟಾ."

ಮರಳಿ ಹೇಳುವುದು ಗಿಣಿಪಾಠವಾದರೆ ಇದರಿಂದ ಪ್ರಯೋಜನವಿಲ್ಲ. ಬಾಯಿ ಸರಿಯಾಗಿ ಹೇಳುತ್ತದೆ, ಕಾಲು ಬ್ರೇಕ್ ಒತ್ತುವುದಿಲ್ಲ. ಒಳ್ಳೆಯ ಪರೀಕ್ಷಕರು ಇದನ್ನು ಹಿಡಿಯಲು ದಾರಿಯ ಮಧ್ಯೆ ಬೇಕೆಂದೇ ಸೂಚನೆ ಬದಲಿಸುತ್ತಾರೆ, ನಿಮ್ಮದೇ ಕರೆ ಹೆಸರನ್ನು ಹೋಲುವ ಇನ್ನೊಂದು ವಿಮಾನವನ್ನು ತರುತ್ತಾರೆ.

ದಾರಿಯಲ್ಲಿ ಎಲ್ಲೋ ಒಂದು ಕಡೆ ತುರ್ತು ಪರಿಸ್ಥಿತಿಯನ್ನು ತಂದಿಡುತ್ತಾರೆ. ಪ್ರಾಣಕ್ಕೆ ಕುತ್ತು ಇದ್ದರೆ ಮೇಡೇ, ಮೂರು ಸಲ. ತುರ್ತಾದರೂ ಆ ಕ್ಷಣಕ್ಕೆ ಅಪಾಯವಿಲ್ಲದಿದ್ದರೆ ಪ್ಯಾನ್ ಪ್ಯಾನ್, ಅದೂ ಮೂರು ಸಲ. ಆಮೇಲೆ ಯಾರನ್ನು ಕರೆಯುತ್ತಿದ್ದೀರಿ, ನೀವು ಯಾರು, ಏನಾಗಿದೆ, ಏನು ಮಾಡಲಿದ್ದೀರಿ, ಎಲ್ಲಿದ್ದೀರಿ, ಎಷ್ಟು ಎತ್ತರ, ಯಾವ ದಿಕ್ಕು. ಇಷ್ಟನ್ನು ಉಸಿರು ಕಟ್ಟದ ಹಾಗೆ, ಬರೆದುಕೊಳ್ಳುವ ವೇಗದಲ್ಲಿ ಹೇಳಬೇಕು. ಮೊದಲ ಪ್ರಯತ್ನದಲ್ಲಿ ಹೆಚ್ಚಿನವರು ತಾವಿರುವ ಜಾಗವನ್ನೇ ಹೇಳಲು ಮರೆಯುತ್ತಾರೆ. ಹುಡುಕಿ ಬರುವವರಿಗೆ ಬೇಕಾದದ್ದು ಅದೇ.

ಇನ್ನೊಂದು ಬಗೆಯಿದೆ: ಮೇಡೇ ನಿಮ್ಮದಲ್ಲ, ಬೇರೆಯವರದು. ಅದು ಕೇಳಿಸಿದ ಕೂಡಲೇ ಬಾಯಿ ಮುಚ್ಚಬೇಕು. ನೆಲದಿಂದ ಯಾರೂ ಅವರಿಗೆ ಉತ್ತರಿಸದಿದ್ದರೆ ಆಗ ನೀವು ಉತ್ತರಿಸಿ ಆ ಸಂದೇಶವನ್ನು ಮುಂದೆ ದಾಟಿಸಬೇಕು. ಪುಸ್ತಕದಲ್ಲಿ ಇದು ನಾಲ್ಕು ಸಾಲು. ಹೆಡ್‌ಸೆಟ್ಟಿನಲ್ಲಿ ನಡುಗುವ ದನಿಯೊಂದು ಕೇಳಿದಾಗ, ಅದು ನಟನೆ ಎಂದು ಗೊತ್ತಿದ್ದರೂ, ಪೆನ್ಸಿಲ್ ಹಿಡಿದ ಬೆರಳು ಒಂದು ಕ್ಷಣ ನಿಂತುಬಿಡುತ್ತದೆ. ಆ ನಿಲ್ಲುವಿಕೆಯನ್ನು ನೆಲದ ಮೇಲೆ ಅನುಭವಿಸಿ ದಾಟಿರುವುದು ದೊಡ್ಡ ಲಾಭ.

ಎರಡು ದನಿ ಒಟ್ಟಿಗೆ ಬಂದಾಗ

ವಿಮಾನಯಾನದ ಧ್ವನಿ ಸಂಪರ್ಕ ಇಂದಿಗೂ ಎಎಂ, ಅಂದರೆ ಹಳೆಯ ಮೀಡಿಯಂ ವೇವ್ ರೇಡಿಯೊ ಬಳಸಿದ ವಿಧಾನ. ಎಫ್‌ಎಂನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಜೋರಾದ ಸಂಕೇತ ಕ್ಷೀಣವಾದದ್ದನ್ನು ನುಂಗಿಹಾಕುತ್ತದೆ, ಎರಡನೆಯವರು ಮಾತಾಡಿದರೆಂಬುದೇ ಗೊತ್ತಾಗುವುದಿಲ್ಲ. ಎಎಂನಲ್ಲಿ ಎರಡೂ ಸೇರಿ ಕಿರ್ರೆನ್ನುವ ಸಿಳ್ಳೆಯಾಗುತ್ತದೆ. ಮಾತು ಹಾಳಾದರೂ ಏನೋ ಹಾಳಾಯಿತು ಎಂಬುದು ಕೇಳುವವರಿಗೆ ತಿಳಿಯುತ್ತದೆ.

1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ಆ ಸಿಳ್ಳೆ ಕೇಳಿಸಿತು. ಮಂಜು ಕವಿದಿತ್ತು. ಕೆಎಲ್‌ಎಂ ವಿಮಾನದವರು "ನಾವೀಗ ಟೇಕಾಫ್‌ನಲ್ಲಿದ್ದೇವೆ" ಎಂಬರ್ಥದ ಮಾತು ಹೇಳಿದರು. ಟವರ್ "ಓಕೆ" ಅಂದು, ಒಂದು ಕ್ಷಣ ಬಿಟ್ಟು, ಟೇಕಾಫ್‌ಗೆ ಕಾಯಿರಿ, ನಾನು ಕರೆಯುತ್ತೇನೆ ಎಂದಿತು. ಅದೇ ಕ್ಷಣದಲ್ಲಿ ಪ್ಯಾನ್ ಆಮ್ ವಿಮಾನ ತಾವಿನ್ನೂ ರನ್‌ವೇ ಮೇಲೇ ಸಾಗುತ್ತಿದ್ದೇವೆ ಎಂದಿತು. ಕೆಎಲ್‌ಎಂ ಕಾಕ್‌ಪಿಟ್‌ನಲ್ಲಿ ಸ್ಪಷ್ಟವಾಗಿ ಕೇಳಿಸಿದ್ದು "ಓಕೆ" ಮಾತ್ರ. ಉಳಿದ ಎರಡು ಮಾತುಗಳು ಒಂದರ ಮೇಲೊಂದು ಬಿದ್ದು ಸಿಳ್ಳೆಯಲ್ಲಿ ಹೂತುಹೋದವು. 583 ಜನ ಸತ್ತರು. ಅದರ ನಂತರ ಟೇಕಾಫ್ ಎಂಬ ಪದವನ್ನು ಟೇಕಾಫ್ ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ ಬಳಸುವ ಪದ್ಧತಿ ಬಂತು. ಉಳಿದ ಕಡೆಯೆಲ್ಲ 'ಡಿಪಾರ್ಚರ್'. ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಆ ಒಂದು ನಿಯಮದ ಹಿಂದೆ ಇಷ್ಟು ಜೀವಗಳಿವೆ.

ಭಾಷಾ ಪ್ರಾವೀಣ್ಯದ ನಿಯಮದ ಹಿಂದೆಯೂ ಇಂಥವೇ ಇವೆ. 1990ರ ಜನವರಿ 25ರಂದು ನ್ಯೂಯಾರ್ಕ್ ಬಳಿ ಇಂಧನ ಮುಗಿದು ಬಿದ್ದ ಏವಿಯಾಂಕಾ 52ರಲ್ಲಿ 73 ಜನ ಸತ್ತರು. ಇಂಧನ ಮುಗಿಯುತ್ತಿದೆ ಎಂದು ಸಿಬ್ಬಂದಿ ಹೇಳಿದ್ದರು, ಆದರೆ 'ಎಮರ್ಜೆನ್ಸಿ' ಎಂಬ ಪದ ಅವರ ಬಾಯಿಂದ ನಿಯಂತ್ರಕರಿಗೆ ಬರಲೇ ಇಲ್ಲ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನಗಳು ಆಕಾಶದಲ್ಲೇ ಢಿಕ್ಕಿ ಹೊಡೆದು 349 ಜನ ಸತ್ತರು. ಕಝಕಿಸ್ತಾನದ ವಿಮಾನ ತನಗೆ ಗೊತ್ತುಮಾಡಿದ ಎತ್ತರಕ್ಕಿಂತ ಕೆಳಗೆ ಇಳಿದಿತ್ತು, ಮತ್ತು ಅದರ ಸಿಬ್ಬಂದಿಯ ಇಂಗ್ಲಿಷ್ ದುರ್ಬಲವಾಗಿತ್ತು. ಇಂಥ ಅನುಭವಗಳ ಮೇಲೆ ರೂಪುಗೊಂಡ ಐಸಿಎಒ ಭಾಷಾ ಮಾನದಂಡ 2008ರ ಮಾರ್ಚ್ 5ರಿಂದ ಅನ್ವಯವಾಯಿತು.

ಟೆಸ್ಟ್‌ನ ಒಳಗಿನ ರೇಡಿಯೊ

ಲೈಸೆನ್ಸ್ ಕಾಗದ ಕಡ್ಡಾಯವೋ ಅಲ್ಲವೋ ಎಂಬ ಚರ್ಚೆಯಲ್ಲಿ ಒಂದು ಮಾತು ಮರೆಯಾಗುತ್ತದೆ: ಸ್ಕಿಲ್ ಟೆಸ್ಟ್‌ನಲ್ಲಿ ರೇಡಿಯೊವೂ ಪರೀಕ್ಷೆಯ ವಿಷಯವೇ. ಯುರೋಪಿನ ಪದ್ಧತಿಯಲ್ಲಿ ಟೆಸ್ಟ್ ಹಲವು ವಿಭಾಗಗಳಾಗಿದೆ. ದಾರಿ ಹಾರಾಟದ ವಿಭಾಗದಲ್ಲೂ, ಬೇರೆ ವಿಭಾಗಗಳಲ್ಲೂ ನಿಯಂತ್ರಕರೊಂದಿಗೆ ಸಂಪರ್ಕ ಮತ್ತು ರೇಡಿಯೊ ಕ್ರಮ ಒಂದು ಅಂಶವಾಗಿ ಬರುತ್ತದೆ. ಒಂದು ವಿಭಾಗದ ಯಾವುದೇ ಅಂಶದಲ್ಲಿ ಫೇಲಾದರೆ ಇಡೀ ವಿಭಾಗ ಫೇಲು. ಒಂದೇ ವಿಭಾಗ ಹೋದರೆ ಅದನ್ನಷ್ಟೇ ಮತ್ತೆ ಮಾಡಬೇಕು. ಒಂದಕ್ಕಿಂತ ಹೆಚ್ಚು ಹೋದರೆ ಟೆಸ್ಟ್ ಮೊದಲಿನಿಂದ. ಮೇಲಾಗಿ, ವಿಮಾನದಲ್ಲಿ ಬೇರೆ ಸಿಬ್ಬಂದಿ ಯಾರೂ ಇಲ್ಲ ಎಂಬಂತೆ ಅಭ್ಯರ್ಥಿ ಹಾರಿಸಬೇಕು. ಅಂದರೆ ಪ್ರತಿಯೊಂದು ಕರೆಯೂ ನಿಮ್ಮದೇ.

ಟೆಸ್ಟ್‌ನಲ್ಲಿ ಕಷ್ಟದ ಘಳಿಗೆ ದಾರಿ ಬದಲಾವಣೆ. ಪರೀಕ್ಷಕರು ನಕ್ಷೆಯ ಮೇಲೆ ಒಂದು ಊರು ತೋರಿಸಿ, ಈಗ ಅಲ್ಲಿಗೆ ಹೋಗಿ ಅನ್ನುತ್ತಾರೆ. ತೊಡೆಯ ಮೇಲಿನ ನಕ್ಷೆಯಲ್ಲಿ ಗೆರೆ ಎಳೆಯಬೇಕು, ದಿಕ್ಕು ಅಂದಾಜು ಮಾಡಬೇಕು, ಗಾಳಿಗೆ ತಿದ್ದಬೇಕು, ಎಷ್ಟು ನಿಮಿಷ ಎಂದು ಲೆಕ್ಕ ಹಾಕಬೇಕು, ಅಷ್ಟರಲ್ಲಿ ಎತ್ತರ ಜಾರದಂತೆ ನೋಡಿಕೊಳ್ಳಬೇಕು. ಸರಿಯಾಗಿ ಆಗಲೇ ನಿಯಂತ್ರಕರು ಕರೆಯುತ್ತಾರೆ. ರೇಡಿಯೊ ಇನ್ನೂ ನಾಲಿಗೆಗೆ ಒಗ್ಗದವರು ಇಲ್ಲಿ ಎಲ್ಲವನ್ನೂ ಕೈಬಿಟ್ಟು ವಾಕ್ಯ ಕಟ್ಟಲು ತೊಡಗುತ್ತಾರೆ; ವಿಮಾನ 200 ಅಡಿ ಇಳಿದಿರುತ್ತದೆ. ಒಗ್ಗಿದವರು "ಸ್ಟ್ಯಾಂಡ್‌ಬೈ" ಎಂಬ ಒಂದೇ ಪದ ಹೇಳಿ ತಮ್ಮ ಕೆಲಸ ಮುಗಿಸಿ ಆಮೇಲೆ ಮಾತಾಡುತ್ತಾರೆ. ಮೊದಲು ವಿಮಾನ ಹಾರಿಸು, ಆಮೇಲೆ ದಾರಿ ನೋಡು, ಕೊನೆಗೆ ಮಾತಾಡು ಎಂಬ ಹಳೆಯ ಪಾಠದ ಅರ್ಥ ಇದು. ಮಾತು ಕೊನೆಯ ಸ್ಥಾನದಲ್ಲಿ ಉಳಿಯಬೇಕಾದರೆ ಅದು ಯೋಚಿಸದೆ ಬರುವಷ್ಟು ಪಳಗಿರಬೇಕು.

ರೇಡಿಯೊ ಮುಗಿಸಿಕೊಂಡು ಬನ್ನಿ ಅನ್ನುವ ಪರೀಕ್ಷಕರನ್ನು ನಾನು ಒಪ್ಪುವುದು ಇದಕ್ಕೇ. ನನ್ನನ್ನು ಕೇಳಿದರೆ ರೇಡಿಯೊ ಪರೀಕ್ಷೆಗೆ ಸರಿಯಾದ ಕಾಲ ಒಂಟಿಯಾಗಿ ದೂರ ಹಾರುವ ಹಂತಕ್ಕೆ ಸ್ವಲ್ಪ ಮೊದಲು. ಐಸಿಎಒ ಮಾನದಂಡದಲ್ಲಿ ಖಾಸಗಿ ಪೈಲಟ್ ಆಗುವವರು ಕನಿಷ್ಠ 270 ಕಿಲೊಮೀಟರಿನ ಒಂದು ಒಂಟಿ ಹಾರಾಟ ಮಾಡಿ, ದಾರಿಯಲ್ಲಿ ಎರಡು ಬೇರೆ ನಿಲ್ದಾಣಗಳಲ್ಲಿ ಇಳಿದು ಪೂರ್ತಿ ನಿಲ್ಲಬೇಕು. ಪರಿಚಯವಿಲ್ಲದ ನಿಲ್ದಾಣ, ಪರಿಚಯವಿಲ್ಲದ ದನಿ, ಪಕ್ಕದ ಸೀಟು ಖಾಲಿ. ವಿನಾಯಿತಿಯ ಬಲದಿಂದ ಕಾನೂನು ಬಿಡಬಹುದು. ಆದರೆ ಆ ದಿನ ಕೈಯಲ್ಲಿ ರೇಡಿಯೊ ಪಾಸಾದ ಧೈರ್ಯ ಇದ್ದವರ ಮುಖವೇ ಬೇರೆ. ಟೆಸ್ಟ್‌ನ ಹಿಂದಿನ ವಾರಕ್ಕೆ ಇದನ್ನು ದೂಡಿದರೆ ಯುದ್ಧಕಾಲೇ ಶಸ್ತ್ರಾಭ್ಯಾಸ ಆಗುತ್ತದೆ.

ಪಾಸಾದ ಮರುದಿನ

ಟೆಸ್ಟ್ ಪಾಸಾಯಿತು, ರೇಡಿಯೊ ಲೈಸೆನ್ಸ್ ಮಾತ್ರ ಬಾಕಿ ಎಂದುಕೊಳ್ಳಿ. ನಿಯಮ ಅನುಮತಿಸಿದರೆ ಪೈಲಟ್ ಲೈಸೆನ್ಸ್ ಬರುತ್ತದೆ. ಆದರೆ ತರಬೇತಿ ಮುಗಿದಿದೆ, ಆದ್ದರಿಂದ ತರಬೇತಿಯ ವಿನಾಯಿತಿಯೂ ಮುಗಿದಿದೆ. ಪ್ರತ್ಯೇಕ ಲೈಸೆನ್ಸ್ ಕೇಳುವ ದೇಶದಲ್ಲಿ ನಿನ್ನೆಯವರೆಗೆ ವಿದ್ಯಾರ್ಥಿಯಾಗಿ ಆರಾಮವಾಗಿ ಒತ್ತುತ್ತಿದ್ದ ಅದೇ ಗುಂಡಿಯನ್ನು ಇಂದು ಕಮಾಂಡರ್ ಆಗಿ ಒತ್ತುವ ಹಕ್ಕಿಲ್ಲ.

ಹಾಗಾದರೆ ಎಲ್ಲಿ ಹಾರಬಹುದು? ಐಸಿಎಒ ವರ್ಗೀಕರಣದಲ್ಲಿ ಕಣ್ಣಳತೆಯ ಹಾರಾಟಕ್ಕೆ, ಅಂದರೆ ಹೊರಗೆ ನೋಡಿಕೊಂಡು ಹಾರುವುದಕ್ಕೆ, ಬಿ, ಸಿ, ಡಿ ವರ್ಗದ ವಾಯುಪ್ರದೇಶದಲ್ಲಿ ಎರಡೂ ಕಡೆಯ ರೇಡಿಯೊ ಸಂಪರ್ಕ ಸದಾ ಇರಬೇಕು. ಇ ಮತ್ತು ಜಿ ವರ್ಗಗಳಲ್ಲಿ ಅದು ಕಡ್ಡಾಯವಲ್ಲ. ಅವುಗಳೊಳಗೂ ಯುರೋಪಿನಲ್ಲಿ ರೇಡಿಯೊ ಕಡ್ಡಾಯ ವಲಯಗಳೆಂದು ಗುರುತಿಸಿದ ಜಾಗಗಳಿವೆ. ಅವೆಲ್ಲವನ್ನೂ ನಕ್ಷೆಯಿಂದ ಅಳಿಸಿದರೆ ಉಳಿಯುವುದು ಟವರ್ ಇಲ್ಲದ ಸಣ್ಣ ಮೈದಾನಗಳು ಮತ್ತು ಅವುಗಳ ನಡುವಿನ ತೆರೆದ ಆಕಾಶ. ರೇಡಿಯೊ ಇಲ್ಲದೆ ಅಲ್ಲಿ ಹಾರುವವರು ಇಂದಿಗೂ ಇದ್ದಾರೆ, ಅದೊಂದು ಗೌರವದ ಪರಂಪರೆ. ಆದರೆ ಮೊನ್ನೆಯಷ್ಟೇ ಲೈಸೆನ್ಸ್ ಪಡೆದು ಮೊದಲ ಪ್ರಯಾಣಿಕನನ್ನು ಪಕ್ಕದಲ್ಲಿ ಕೂರಿಸಿಕೊಂಡವರು ಸುತ್ತಲಿನ ಸಂಚಾರವನ್ನು ಬರೀ ಕಣ್ಣಿನಿಂದ ಹುಡುಕುತ್ತ, ತಾವೆಲ್ಲಿದ್ದೇವೆಂದು ಯಾರಿಗೂ ಹೇಳಲಾಗದೆ ಹಾರುವುದು ನನಗೆ ಇಷ್ಟವಿಲ್ಲ.

ಇನ್ನು ಅರ್ಜಿಯ ವಿಷಯ. ರೇಡಿಯೊ ಪರೀಕ್ಷೆಯ ಫಲಿತಾಂಶ, ಭಾಷಾ ಪ್ರಾವೀಣ್ಯದ ಪತ್ರ, ಸ್ಕಿಲ್ ಟೆಸ್ಟ್ ವರದಿ, ವೈದ್ಯಕೀಯ ಪ್ರಮಾಣಪತ್ರ, ಇವುಗಳಲ್ಲಿ ನಿಮ್ಮ ಹೆಸರು ಒಂದೇ ರೀತಿ ಬರೆದಿರಲಿ. ಪ್ರತಿಯೊಂದರ ದಿನಾಂಕ, ಪರೀಕ್ಷಕರ ಸಹಿ ಮತ್ತು ಸಂಖ್ಯೆ ಪರೀಕ್ಷೆ ಮುಗಿದು ಏಳುವ ಮೊದಲೇ ನೋಡಿಕೊಳ್ಳಿ. ಲಿಖಿತ ಪರೀಕ್ಷೆಗಳ ಫಲಿತಾಂಶಕ್ಕೆ ಗಡುವು ಇರುತ್ತದೆ. ಇಎಎಸ್‌ಎ ಪದ್ಧತಿಯಲ್ಲಿ ಖಾಸಗಿ ಪೈಲಟ್ ವಿಷಯಗಳೆಲ್ಲ ಪಾಸಾದ ದಿನದಿಂದ 24 ತಿಂಗಳು. ರೇಡಿಯೊ ಪ್ರಾಯೋಗಿಕವನ್ನು ದೂಡುತ್ತ ಹೋದವರಿಗೆ ಈ ಕ್ಯಾಲೆಂಡರ್ ಮೊದಲು ಕಾಣಿಸುವುದು ಅದು ಮುಗಿಯುವ ಹೊತ್ತಿಗೆ.